56 ಆಯ್ತು, ಮುಂಚಿನ ಥರ ಆಗ್ತಿಲ್ಲ, ಇದು ವಯಸ್ಸಾ ಇಲ್ಲಾ ಕಾಯಿಲೆನಾ?

ಪ್ರಶ್ನೆ: "ನನಗೆ 56 ವರ್ಷ. ಆರು ವರ್ಷದಿಂದ ಶುಗರ್ ಇದೆ, ಬಿಪಿಗೂ ಮಾತ್ರೆ ತಗೋತೀನಿ. ಒಂದು ವರ್ಷದಿಂದ ಹೆಂಡತಿ ಜೊತೆ ಸೇರುವಾಗ ಸರಿಯಾಗಿ ನಿಮಿರಲ್ಲ, ನಿಮಿರಿದ್ರೂ ಅರ್ಧಕ್ಕೇ ಇಳಿದುಹೋಗುತ್ತೆ. ವಯಸ್ಸಾಯ್ತು ಅಂತ ಸುಮ್ನಿರೋದಾ? ಫ್ರೆಂಡ್ ಒಬ್ಬ ನಾಲ್ಕು ಮಾತ್ರೆ ಕೊಟ್ಟಿದ್ದಾನೆ, ತಗೋಬಹುದಾ?"

ಮೊದ್ಲು ಆ ನಾಲ್ಕು ಮಾತ್ರೆ ಎತ್ತಿ ಪಕ್ಕಕ್ಕಿಡಿ ಸರ್. ಎಸೀಬೇಡಿ, ಕೊನೇಲಿ ಬೇಕಾಗುತ್ತೆ, ಆದ್ರೆ ನುಂಗಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಡಾಕ್ಟರ್ ಅಲ್ಲ, ಅಡಿಕೆ ಸೀಮೆಯ ಒಂದು ತಾಲೂಕು ಊರಲ್ಲಿ 20 ವರ್ಷದಿಂದ ಮೆಡಿಕಲ್ ಶಾಪ್ ನಡೆಸ್ತಿದೀನಿ. ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ, ಆದ್ರೆ ಇಷ್ಟು ಬಿಡಿಸಿ ಯಾರೂ ಕೇಳಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಅರ್ಧ ಶಟರ್ ಎಳೆದಿರ್ತೀನಿ, ಆಗ ಬೈಕ್ ಸ್ವಲ್ಪ ದೂರದಲ್ಲೇ ನಿಲ್ಸಿ ಒಬ್ರು ಬರ್ತಾರೆ, ಜ್ವರದ ಮಾತ್ರೆ ಕೊಡಿ, ಹತ್ತಿ ಕೊಡಿ, ಒಂದು ಓಆರ್‌ಎಸ್ ಪ್ಯಾಕೆಟ್ ಕೊಡಿ ಅಂತ ಬೇಡದ್ದನ್ನೆಲ್ಲ ತಗೊಂಡು, ದುಡ್ಡು ಎಣಿಸ್ತಾ ಎಣಿಸ್ತಾ ಹಿಂದೆ ಒಂದ್ಸಲ ತಿರುಗಿ ನೋಡಿ, "ಅದೇ... ಆ ಮಾತ್ರೆ ಇದ್ಯಾ" ಅಂತಾರೆ. ನಾನು ಚೀಟಿ ಕೇಳ್ತೀನಿ. ಅವರು ಹತ್ತಿ ತಗೊಂಡು ಮನೆಗೆ ಹೋಗ್ತಾರೆ.

ಈಗ ವಯಸ್ಸಿನ ವಿಷಯ. ವಯಸ್ಸಾದ ಹಾಗೆ ಗಂಡಸಿನ ದೇಹದಲ್ಲಿ ಎಲ್ಲಾ ನಿಧಾನ ಆಗುತ್ತೆ, ಇದು ನಿಜ. 25ರಲ್ಲಿ ನೆನೆಸ್ಕೊಂಡ್ರೆ ಸಾಕಿತ್ತು, 55ರಲ್ಲಿ ಮುಟ್ಟಬೇಕು, ಟೈಮ್ ಕೊಡಬೇಕು. ಗಟ್ಟಿತನ ಸ್ವಲ್ಪ ಕಮ್ಮಿ, ವೀರ್ಯದ ಪ್ರಮಾಣ ಕಮ್ಮಿ, ಬರೋ ರಭಸನೂ ಕಮ್ಮಿ. ಒಂದ್ಸಲ ಆದ್ಮೇಲೆ ಇನ್ನೊಂದ್ಸಲಕ್ಕೆ ಹುಡುಗನಾಗಿದ್ದಾಗ ಅರ್ಧ ಗಂಟೆ ಸಾಕಾಗಿದ್ದು ಈಗ ಒಂದು ದಿನನೇ ಬೇಕಾಗಬಹುದು. ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನ್ ಮೂವತ್ತು ನಲವತ್ತು ದಾಟಿದ ಮೇಲೆ ವರ್ಷಕ್ಕೆ ಹೆಚ್ಚುಕಮ್ಮಿ 1% ಇಳೀತಾ ಹೋಗುತ್ತೆ. ಹೆಂಗಸರಿಗೆ ಮುಟ್ಟು ನಿಲ್ಲೋ ಥರ ಗಂಡಸರಿಗೆ ಒಂದು ಕಟ್ಟುನಿಟ್ಟಾದ ಗಡುವು ಅಂತ ಇಲ್ಲ. ಇದೆಲ್ಲ ಕೂದಲು ಬೆಳ್ಳಗಾಗೋ ಥರದ್ದು, ಇದಕ್ಕೆ ಔಷಧಿ ಹುಡುಕೋ ಅಗತ್ಯ ಇಲ್ಲ.

ಆದ್ರೆ ನೀವು ಬರೆದಿರೋದು ಇದಲ್ಲ. ನಿಧಾನ ಆಗೋದು ಬೇರೆ, ಆಗದೇ ಇರೋದು ಬೇರೆ. ಒಂದು ವರ್ಷದಿಂದ ಅರ್ಧಕ್ಕೇ ಇಳಿದುಹೋಗ್ತಿದೆ ಅಂದ್ರೆ ಅದನ್ನ ಪೂರ್ತಿ ವಯಸ್ಸಿನ ತಲೆ ಮೇಲೆ ಹಾಕೋಕಾಗಲ್ಲ. ಅಮೆರಿಕಾದ ಬಾಸ್ಟನ್ ಸುತ್ತಮುತ್ತ 1987ರಿಂದ 89ರವರೆಗೆ 40ರಿಂದ 70 ವರ್ಷದ ಗಂಡಸರನ್ನ ಕೇಳಿ ಒಂದು ದೊಡ್ಡ ಸ್ಟಡಿ ಮಾಡಿದ್ರು, ಅದರಲ್ಲಿ 52% ಜನಕ್ಕೆ ಏನೋ ಒಂದು ಮಟ್ಟದ ನಿಮಿರುವಿಕೆ ತೊಂದರೆ ಇತ್ತು. ಇದನ್ನೇ ಹೇಳಿ ಎಲ್ಲರೂ ಹೆದರಿಸ್ತಾರೆ. ಅದೇ ಸ್ಟಡಿಲಿ ಇನ್ನೊಂದು ಲೆಕ್ಕ ಇದೆ, ಪೂರ್ತಿ ಆಗಲ್ಲ ಅನ್ನೋರು 40ರ ವಯಸ್ಸಲ್ಲಿ 5%, 70ರಲ್ಲಿ 15%. ಅಂದ್ರೆ 70 ಆದ್ರೂ 100ಕ್ಕೆ 85 ಜನಕ್ಕೆ ಪೂರ್ತಿ ನಿಂತುಹೋಗಿರ್ಲಿಲ್ಲ. ಶುಗರ್, ಬಿಪಿ, ಹಾರ್ಟ್ ತೊಂದರೆಗೆ ಟ್ರೀಟ್ಮೆಂಟ್ ತಗೋತಿದ್ದೋರಲ್ಲೇ ಜಾಸ್ತಿ ಕಂಡುಬಂದಿತ್ತು.

ಯಾಕೆ ಅಂತ ಅರ್ಥ ಆಗಬೇಕಾದ್ರೆ ತೋಟಕ್ಕೆ ಬನ್ನಿ. ಡ್ರಿಪ್ ಹಾಕಿಸಿದೋರಿಗೆ ಇದು ಗೊತ್ತು, ಬೋರ್‌ವೆಲ್ ನೀರಲ್ಲಿ ಉಪ್ಪು ಜಾಸ್ತಿ ಇದ್ರೆ ಮೊದ್ಲು ಕಟ್ಕೊಳ್ಳೋದು ದೊಡ್ಡ ಪೈಪಲ್ಲ, ಗಿಡದ ಬುಡದಲ್ಲಿರೋ ಸಣ್ಣ ತೂತು. ಬುಡದಲ್ಲಿ ನೀರು ತೊಟ್ಟಿಕ್ಕೋದು ನಿಂತಾಗ ದೊಡ್ಡ ಪೈಪಲ್ಲಿ ಇನ್ನೂ ನೀರು ಹೋಗ್ತಾನೇ ಇರುತ್ತೆ, ಆದ್ರೆ ಒಳಗೆ ಉಪ್ಪು ಕಟ್ಟೋಕೆ ಶುರುವಾಗಿರುತ್ತೆ. ದೇಹದಲ್ಲೂ ಹಂಗೇ. ಶಿಶ್ನಕ್ಕೆ ರಕ್ತ ಕೊಡೋ ನಾಳ 1ರಿಂದ 2 ಮಿಲಿಮೀಟರ್, ಹೃದಯಕ್ಕೆ ಕೊಡೋದು 3ರಿಂದ 4 ಮಿಲಿಮೀಟರ್. ಶುಗರ್, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಇವು ನಾಳಗಳನ್ನ ಹಾಳು ಮಾಡುವಾಗ ಸಣ್ಣದು ಮೊದ್ಲು ಸೋಲುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಈ ತೊಂದರೆ ಕಾಣಿಸ್ಕೊಂಡು ಎರಡರಿಂದ ಐದು ವರ್ಷದೊಳಗೆ ಹಾರ್ಟ್ ತೊಂದರೆ ಕಾಣಿಸ್ಕೊಳ್ಳುತ್ತೆ. ಎಲ್ಲರಿಗೂ ಅಲ್ಲ, ಹೆದರಬೇಡಿ, ಆದ್ರೆ ಡಾಕ್ಟರುಗಳು ಇದನ್ನ ಮುನ್ಸೂಚನೆ ಅಂತಾನೇ ನೋಡ್ತಾರೆ. ಶುಗರ್ ಇದ್ರೆ ನಾಳದ ಜೊತೆ ನರಾನೂ ಮಂದ ಆಗುತ್ತೆ, ಕಾಲು ಜೋಮು ಹಿಡಿಯುತ್ತಲ್ಲ, ಅದೇ ಕಥೆ ಇಲ್ಲೂ.

ಮನಸ್ಸಿಂದಾನೂ ಆಗಬಹುದು. ಅದಕ್ಕೊಂದು ಸುಲಭದ ಸುಳಿವಿದೆ. ಆರೋಗ್ಯವಾಗಿರೋ ಗಂಡಸಿಗೆ ನಿದ್ದೇಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗೇ ನಿಮಿರುತ್ತೆ, ಬೆಳಗ್ಗೆ ಎದ್ದಾಗ ಕಾಣೋದು ಅದರ ಕೊನೇದು. ಬೆಳಗ್ಗೆ ಚೆನ್ನಾಗಿದೆ, ಹೆಂಡತಿ ಜೊತೆ ಮಾತ್ರ ಆಗಲ್ಲ, ಅದೂ ಇದ್ದಕ್ಕಿದ್ದಂತೆ ಶುರುವಾಯ್ತು ಅಂದ್ರೆ ಟೆನ್ಷನ್ನು, ಸಾಲ, ಮನಸ್ತಾಪ, ಇಲ್ಲಾ ಒಂದ್ಸಲ ಆಗ್ಲಿಲ್ಲ ಅನ್ನೋ ಭಯಾನೇ ಕಾರಣ ಇರಬಹುದು. ಬೆಳಗ್ಗೇದೂ ನಿಧಾನಕ್ಕೆ ಕಮ್ಮಿ ಆಗ್ತಾ ಬಂತು ಅಂದ್ರೆ ರಕ್ತನಾಳ, ನರ, ಹಾರ್ಮೋನ್ ಕಡೆ ನೋಡಬೇಕು. ಬಹಳ ಜನಕ್ಕೆ ಎರಡೂ ಸೇರಿರುತ್ತೆ.

ಇನ್ನು ಆ ಮಾತ್ರೆ. ಫ್ರೆಂಡ್ ಕೊಟ್ಟಿರೋದು ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಇರಬೇಕು, ಶೀಟಿನ ಹಿಂದೆ ನೋಡಿ. ಸಿಲ್ಡೆನಾಫಿಲ್ ಹುಟ್ಟಿದ್ದೇ ಹಾರ್ಟಿನ ಔಷಧಿಯಾಗಿ, ಇಂಗ್ಲೆಂಡಿನಲ್ಲಿ ಫೈಜರ್ ಕಂಪನಿಯೋರು ಎದೆನೋವಿಗೆ ಅಂತ ಟ್ರೈ ಮಾಡ್ತಿದ್ದಾಗ ಬೇರೆ ಕಡೆ ಕೆಲಸ ಮಾಡೋದು ಗೊತ್ತಾಯ್ತು, 1998ರ ಮಾರ್ಚ್‌ನಲ್ಲಿ ಅಮೆರಿಕಾದಲ್ಲಿ ವಯಾಗ್ರ ಅಂತ ಮಾರ್ಕೆಟ್ಟಿಗೆ ಪರ್ಮಿಷನ್ ಸಿಕ್ತು. ನಮ್ಮ ನಾಳಗಳು ಹಿಗ್ಗೋಕೆ ದೇಹ ತಾನೇ ನೈಟ್ರಿಕ್ ಆಕ್ಸೈಡ್ ಅನ್ನೋ ಗ್ಯಾಸ್ ಬಿಡುತ್ತೆ, ಅದರಿಂದ ಶುರುವಾದ ಹಿಗ್ಗುವಿಕೆ ಬೇಗ ನಿಲ್ಲದ ಹಾಗೆ ಈ ಮಾತ್ರೆ ನೋಡ್ಕೊಳ್ಳುತ್ತೆ. ಆ ಗ್ಯಾಸಿನ ಕೆಲಸ ಕಂಡುಹಿಡಿದ ಮೂರು ಜನಕ್ಕೆ ಅದೇ 1998ರಲ್ಲೇ ನೊಬೆಲ್ ಬಂತು. ಡೇಂಜರ್ ಇರೋದೂ ಇಲ್ಲೇ. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಕೊಳ್ಳೋ ಸಾರ್ಬಿಟ್ರೇಟ್ ಇದೆಯಲ್ಲ, ನೈಟ್ರೇಟ್ ಅನ್ನೋ ಗುಂಪಿನ ಮಾತ್ರೆ, ಅದೂ ಇದೇ ದಾರೀಲಿ ನಾಳ ಹಿಗ್ಗಿಸುತ್ತೆ. ಎರಡೂ ಒಟ್ಟಿಗೆ ಒಳಗೆ ಹೋದ್ರೆ ಬಿಪಿ ಧಡಾರ್ ಅಂತ ಬೀಳುತ್ತೆ, ಜೀವಕ್ಕೇ ಅಪಾಯ. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಟಡಾಲಾಫಿಲ್ ಆದ್ರೆ 48 ಗಂಟೆ ಆ ಗುಂಪಿನ ಮಾತ್ರೆ ಹತ್ರನೂ ಹೋಗಬಾರದು, ಎದೆನೋವು ಅಂತ ಆಸ್ಪತ್ರೆಗೆ ಹೋದ್ರೆ ನಾಚ್ಕೊಳ್ದೆ ಮೊದ್ಲು ಇದನ್ನ ಹೇಳಬೇಕು. ದಿನಾ ಆ ಗುಂಪಿನ ಮಾತ್ರೆ ತಗೊಳ್ಳೋರಿಗಂತೂ ಇದು ಬೇಡವೇ ಬೇಡ.

ಒಬ್ರು ಕಸ್ಟಮರ್ ಇದ್ರು, ಬೆಳಗ್ಗೆ ಮಗ ಬಂದು ಅವರ ಚೀಟಿ ತೋರ್ಸಿ ಸಾರ್ಬಿಟ್ರೇಟ್ ತಗೊಂಡು ಹೋಗಿದ್ದ, ರಾತ್ರಿ ಅವರೇ ಬಂದು ಆ ಮಾತ್ರೆ ಕೇಳಿದ್ರು. ಕೊಡಲ್ಲ ಅಂದೆ. "ದುಡ್ಡು ಕೊಡ್ತೀನಲ್ರೀ, ನಿಮಗೇನು ಕಷ್ಟ" ಅಂತ ಜಗಳಾನೇ ತೆಗೆದ್ರು. ಅಂಗಡಿಲಿ ಬೇರೆ ಜನ ಇದ್ರು, ಯಾಕೆ ಕೊಡಲ್ಲ ಅಂತ ಬಾಯ್ಬಿಟ್ಟು ಹೇಳೋ ಹಾಗೂ ಇಲ್ಲ. ಮಾರನೇ ದಿನ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಕರೆದು ಕೂರ್ಸಿ ಹೇಳಿದೆ.

ಸರಿಯಾಗಿ ನೋಡಿ ಬರ್ಕೊಟ್ಟರೆ ಇದು ಒಳ್ಳೇ ಮಾತ್ರೆನೇ, ನಾನು ವಿರೋಧಿ ಅಲ್ಲ. ಆಸೆ ಹುಟ್ಟಿಸೋ ಮಾತ್ರೆ ಅಲ್ಲ ಅಷ್ಟೇ, ಆಸೆ ಇದ್ದಾಗ ರಕ್ತ ಹರಿಯೋಕೆ ಸಹಾಯ ಮಾಡುತ್ತೆ. ಬಿರಿಯಾನಿ ಹೊಡೆದು ಸಿಲ್ಡೆನಾಫಿಲ್ ನುಂಗಿದ್ರೆ ಲೇಟಾಗುತ್ತೆ. ನಿಮಿರಿದ್ದು ನಾಲ್ಕು ಗಂಟೆ ಆದ್ರೂ ಇಳೀಲಿಲ್ಲ ಅಂದ್ರೆ ತಮಾಷೆ ಅಲ್ಲ, ಎಮರ್ಜೆನ್ಸಿ. ಶುಗರ್ ಇರೋರಿಗೆ ಕೆಲವು ಸಲ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ, ಆಗ ಪಂಪು, ಇಂಜೆಕ್ಷನ್ನು, ಆಪರೇಷನ್ ಅಂತ ಬೇರೆ ದಾರಿಗಳೂ ಇವೆ.

ನೀವು ತಗೊಳ್ತಿರೋ ಮಾತ್ರೆಗಳನ್ನೂ ಒಂದ್ಸಲ ನೋಡಿಸಬೇಕು. ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸೋ ಕೆಲವು, ಅಟೆನೊಲಾಲ್ ಥರದ ಕೆಲವು ಇದಕ್ಕೆ ಅಡ್ಡಿ ಮಾಡಬಹುದು, ಟೆಲ್ಮಿಸಾರ್ಟನ್ ಥರದ್ದು ಸಾಮಾನ್ಯವಾಗಿ ಮಾಡಲ್ಲ. ಇದನ್ನ ಓದಿ ನಾಳೆಯಿಂದ ಬಿಪಿ ಮಾತ್ರೆ ನಿಲ್ಲಿಸ್ಬೇಡಿ ಮಾರಾಯ್ರೆ, ಬದಲಾಯಿಸೋದು ಡಾಕ್ಟರ್ ಕೆಲಸ. ಪ್ರೋಸ್ಟೇಟಿಗೆ ಟ್ಯಾಮ್ಸುಲೋಸಿನ್ ತಗೊಳ್ಳೋರು ವೀರ್ಯನೇ ಬರ್ತಿಲ್ಲ ಅಂತ ಗಾಬರಿಯಾಗಿ ಬರ್ತಾರೆ, ಅದು ಆ ಮಾತ್ರೆಯಿಂದ ಆಗೋದು, ಅದರಿಂದ ಅಪಾಯ ಇಲ್ಲ. ಆದ್ರೆ ಅದರ ಜೊತೆ ಸಿಲ್ಡೆನಾಫಿಲ್ ಸೇರಿದ್ರೆ ಬಿಪಿ ಇಳೀಬಹುದು, ಅದನ್ನೂ ಹೇಳ್ಬೇಕು.

ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಗ್ಗೆ ಮೊಬೈಲಲ್ಲಿ ಬರೋ ಜಾಹೀರಾತು ನಂಬಬೇಡಿ. ಆಸಕ್ತಿನೇ ಪೂರ್ತಿ ಹೋಗಿದ್ರೆ ಟೆಸ್ಟ್ ಮಾಡ್ಸಬೇಕು, ಅದೂ ಬೆಳಗ್ಗೆ ಹೊತ್ತು, ಬೇರೆ ಬೇರೆ ಎರಡು ದಿನ, ಎರಡರಲ್ಲೂ 300ಕ್ಕಿಂತ (ರಿಪೋರ್ಟಲ್ಲಿ ng/dL ಅಂತ ಇರುತ್ತೆ) ಕಮ್ಮಿ ಬಂದ್ರೆ ಮಾತಾಡೋದು. ಸಂಜೆ ಹೋಗಿ ಒಂದ್ಸಲ ರಕ್ತ ಕೊಟ್ಟು ಬಂದಿದ್ದು ಲೆಕ್ಕಕ್ಕಿಲ್ಲ. ಮಗು ಬೇಕು ಅನ್ನೋ ವಯಸ್ಸಿನೋರು ಸುಮ್ನೆ ಆ ಇಂಜೆಕ್ಷನ್ ತಗೊಂಡ್ರೆ ವೀರ್ಯಾಣು ತಯಾರಾಗೋದೇ ನಿಂತುಹೋಗಬಹುದು.

ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಗುಪ್ತರೋಗದ ಪೋಸ್ಟರು, ತಿಂಗಳಿಗೊಂದ್ಸಲ ಲಾಡ್ಜಿಗೆ ಬರೋ ಡಾಕ್ಟರು, ಇವರ ಬಂಡವಾಳ ಒಂದೇ, 40 ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಆಗುತ್ತೆ, ಹುಡುಗಾಟಿಕೇಲಿ ಧಾತು ಕಳ್ಕೊಂಡಿದ್ದೀರಿ, ಅದಕ್ಕೇ ಈಗ ಹೀಗೆ ಅನ್ನೋದು. ಶುದ್ಧ ಸುಳ್ಳು. ಈ ಭಯಕ್ಕೇ ಡಾಕ್ಟರ್ ಎನ್. ಎನ್. ವಿಗ್ ಅನ್ನೋ ಮನೋವೈದ್ಯರು 1960ರಲ್ಲೇ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟಿದ್ರು. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದನ್ನ 1954ರ ಕಾನೂನೇ ತಡೆಯುತ್ತೆ, ಗೋಡೆಗೆ ಅದು ಗೊತ್ತಿಲ್ಲ ಅನ್ಸುತ್ತೆ. ನೂರಕ್ಕೆ ನೂರು ಗಿಡಮೂಲಿಕೆ ಅಂತ ಮಾರೋ ಎಷ್ಟೋ ಪುಡಿ, ಕ್ಯಾಪ್ಸೂಲ್ ಒಳಗೆ ಕದ್ದು ಸಿಲ್ಡೆನಾಫಿಲ್ಲೇ ಬೆರೆಸಿರ್ತಾರೆ, ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವನ್ನ ಮತ್ತೆ ಮತ್ತೆ ಹಿಡಿದು ಎಚ್ಚರಿಸಿದೆ. ಸಾರ್ಬಿಟ್ರೇಟ್ ತಗೊಳ್ಳೋರು ಅದನ್ನ ಮೂಲಿಕೆ ಅಂತ ನಂಬಿ ತಿಂದ್ರೆ ಏನಾಗುತ್ತೆ ನೀವೇ ಯೋಚ್ನೆ ಮಾಡಿ.

ನಡೆಯೋದು ಶುರು ಮಾಡಿ. ವಾರಕ್ಕೆ ನಾಲ್ಕು ದಿನ, 40 ನಿಮಿಷ, ಬೆವರು ಬರೋ ಹಾಗೆ, ಆರು ತಿಂಗಳು. ಬೀಡಿ ಸಿಗರೇಟು ಇದ್ರೆ ಬಿಡಿ, ಹೊಟ್ಟೆ ಇಳಿಸಿ. ಬೋರು ಹೊಡೆಸೋ ಸಲಹೆ ಅಂತ ಗೊತ್ತು, ಆದ್ರೆ ನಾಳ ಸರಿ ಇಟ್ಕೊಳ್ಳೋಕೆ ಇದೇ ದಾರಿ.

ಇನ್ನೊಂದು ವಿಷಯ, ಹೆಂಡತಿಗೆ ಹೇಳಿದ್ದೀರಾ? ಹೋದ ವರ್ಷ ಒಬ್ಬ ಅಮ್ಮ ಯಜಮಾನರ ಶುಗರ್ ಮಾತ್ರೆ ತಗೊಳ್ಳೋಕೆ ಬಂದು, "ಈ ಮಾತ್ರೆಗೆ ನಿದ್ದೆ ಜಾಸ್ತಿನಾ ಅಣ್ಣಾ, ಊಟ ಆಗಿದ್ದೇ ತಡ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ" ಅಂತ ಕೇಳಿದ್ರು. ಆ ಮಾತ್ರೆಗೆ ನಿದ್ದೆ ಬರಲ್ಲ. ಅವರು ಕೇಳ್ತಿದ್ದಿದ್ದೂ ನಿದ್ದೆ ವಿಷಯ ಅಲ್ಲ. ಗಂಡಸು ಮರ್ಯಾದೆ ಹೋಗುತ್ತೆ ಅಂತ ತಿರುಗಿ ಮಲಗ್ತಾನೆ, ಹೆಂಗಸು ನಾನು ಬೇಡವಾದ್ನಾ, ಬೇರೆ ಯಾರಾದ್ರೂ ಇದ್ದಾರಾ ಅಂತ ಕೊರಗ್ತಾಳೆ. ಆ ವಯಸ್ಸಿಗೆ ಅವರಿಗೂ ಮುಟ್ಟು ನಿಂತಿರುತ್ತೆ, ಒಣಗಿ ನೋವಾಗ್ತಿರುತ್ತೆ, ಅದಕ್ಕೂ ಔಷಧಿ ಇದೆ, ಅವರೂ ಯಾರ ಹತ್ರನೂ ಹೇಳಿರಲ್ಲ.

ನೀವು ಶುಗರಿಗೆ ತೋರಿಸೋ ಡಾಕ್ಟರ್ ಹತ್ರನೇ ಮೊದ್ಲು ಹೋಗಿ, ಮೂರು ತಿಂಗಳ ಸರಾಸರಿ ಶುಗರ್, ಕೊಲೆಸ್ಟ್ರಾಲ್, ಬಿಪಿ, ಇಸಿಜಿ ನೋಡಿಸಿ, ಬೇಕಾದ್ರೆ ಅವರೇ ಯೂರಾಲಜಿಸ್ಟ್ ಹತ್ರ ಕಳಿಸ್ತಾರೆ. ಟೋಕನ್ ಕ್ಯೂ ಇರುತ್ತೆ, ಬಾಗಿಲು ಅರ್ಧ ತೆಗೆದಿರುತ್ತೆ, ನರ್ಸ್ ಪಕ್ಕದಲ್ಲೇ ನಿಂತಿರ್ತಾರೆ, ಬಾಯಿ ಬರಲ್ಲ, ಗೊತ್ತು. ಮನೇಲೇ ಒಂದು ಚೀಟಿ ಬರೆದಿಟ್ಕೊಳ್ಳಿ, "ಒಂದು ವರ್ಷದಿಂದ ನಿಮಿರುವಿಕೆ ತೊಂದರೆ ಇದೆ", ಅಷ್ಟೇ. ಹಳೇ ರಿಪೋರ್ಟಿನ ಮೇಲೆ ಆ ಚೀಟಿ, ಅದರ ಮೇಲೆ ಆ ನಾಲ್ಕು ಮಾತ್ರೆ ಇಟ್ಟು ಟೇಬಲ್ ಮೇಲೆ ಮುಂದಕ್ಕೆ ತಳ್ಳಿ, ಮಿಕ್ಕಿದ್ದು ಅವರೇ ಕೇಳ್ತಾರೆ.