‘ಮೂಳೆ ಸವೆತ’ ಎಂದರೆ ಯಾವ ಕಾಯಿಲೆ?

ಮೊಣಕಾಲಿಗೆ ಹಚ್ಚುವ ಎಣ್ಣೆಯ ಜಾಹೀರಾತಿನಲ್ಲಿ ‘ಮೂಳೆ ಸವೆತಕ್ಕೆ ಪರಿಹಾರ’ ಎಂದಿರುತ್ತದೆ. ಅಕ್ಟೋಬರ್ 20, ವಿಶ್ವ ಆಸ್ಟಿಯೊಪೊರೋಸಿಸ್ ದಿನದ ಲೇಖನಗಳಿಗೂ ಅದೇ ‘ಮೂಳೆ ಸವೆತ’ವೇ ತಲೆಬರಹ. ಎರಡು ಬೇರೆ ಕಾಯಿಲೆಗಳಿಗೆ ಒಂದೇ ಹೆಸರು ಅಂಟಿಸುವ ಈ ರೂಢಿ ಇನ್ನಾದರೂ ನಿಲ್ಲಬೇಕು.

ಮೊಣಕಾಲಿನಲ್ಲಿ ಸವೆಯುವುದು ಕೀಲು. ಮೂಳೆಯ ತುದಿಗಳನ್ನು ಮುಚ್ಚಿರುವ ಮೃದ್ವಸ್ಥಿ ತೆಳುವಾಗಿ, ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ನೋವು ಕಾಣಿಸಿಕೊಳ್ಳುತ್ತದೆ. ಇದು ಆಸ್ಟಿಯೊಆರ್ಥ್ರೈಟಿಸ್. ಆಸ್ಟಿಯೊಪೊರೋಸಿಸ್ ಕೀಲಿನ ತಂಟೆಗೇ ಹೋಗುವುದಿಲ್ಲ. ಗ್ರೀಕ್ ಭಾಷೆಯಲ್ಲಿ ‘ಆಸ್ಟಿಯಾನ್’ ಎಂದರೆ ಮೂಳೆ, ‘ಪೋರೋಸ್’ ಎಂದರೆ ದಾರಿ, ರಂಧ್ರ. 19ನೇ ಶತಮಾನದ ಮೊದಲರ್ಧದಲ್ಲಿ ಸ್ಟ್ರಾಸ್‌ಬರ್ಗಿನ ರೋಗಶಾಸ್ತ್ರಜ್ಞ ಲೋಬ್‌ಸ್ಟೈನ್ ಕಟ್ಟಿದ ಪದವಿದು. ಮೂಳೆಯೊಳಗೆ ಅಡ್ಡಡ್ಡ, ಉದ್ದುದ್ದ ಹೆಣೆದುಕೊಂಡ ಸಣ್ಣ ಎಳೆಗಳಿರುತ್ತವೆ. ಹಳೆಯ ಮೂಳೆಯನ್ನು ಕರಗಿಸುವ ಕೆಲಸ, ಹೊಸದನ್ನು ಕಟ್ಟುವ ಕೆಲಸ ಎರಡೂ ಜೀವನವಿಡೀ ನಡೆಯುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇಳಿದು ಕರಗುವಿಕೆ ಮುಂದಾಗುತ್ತದೆ. ಎಳೆಗಳು ತೆಳುವಾಗಿ ಕಡಿದುಹೋಗುತ್ತವೆ. ಆಸ್ಟಿಯೊಪೊರೋಸಿಸ್‌ಗೆ ಇರುವ ‘ಅಸ್ಥಿರಂಧ್ರತೆ’ ಎಂಬ ಪದ ನಿಘಂಟಿನಾಚೆಗೆ ಬರಲಿಲ್ಲ. ‘ಟೊಳ್ಳುಮೂಳೆ’ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ, ಅದನ್ನೇ ಬಳಸೋಣ.

ಹೆಸರಿನ ಬಗ್ಗೆ ಇಷ್ಟು ಹಟ ಏಕೆಂದರೆ, ‘ಸವೆತ’ ಎಂದೊಡನೆ ಜನ ನೋವಿಗಾಗಿ ಕಾಯುತ್ತಾರೆ. ಟೊಳ್ಳುಮೂಳೆ ಮುರಿಯುವವರೆಗೆ ನೋಯುವುದಿಲ್ಲ. ಬೆನ್ನುಮೂಳೆ ಕುಸಿದಾಗಲೂ ಸುಮಾರು ಮೂರರಲ್ಲಿ ಒಂದು ಪ್ರಕರಣವಷ್ಟೇ ವೈದ್ಯರ ಗಮನಕ್ಕೆ ಬರುತ್ತದೆ. ಮೊದಲು ಸರಿಯಾಗಿ ನಿಲ್ಲುತ್ತಿದ್ದ ಸೀರೆ ಈಗ ನೆಲಕ್ಕೆ ತಾಗುತ್ತಿದ್ದರೆ ಅಜ್ಜಿ ಗಿಡ್ಡವಾಗಿದ್ದಾರೆ ಎಂದರ್ಥ. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ.

ಈ ಕಾಯಿಲೆಯ ಹೊರೆಯನ್ನು ಮುರಿತದಲ್ಲೇ ಅಳೆಯುತ್ತಾರೆ. 2000ನೇ ಇಸವಿಯಲ್ಲಿ ಜಗತ್ತಿನಾದ್ಯಂತ ಇಂಥ ಸುಮಾರು 90 ಲಕ್ಷ ಮುರಿತಗಳಾದವೆಂಬ ಅಂದಾಜಿದೆ. ಅವುಗಳಲ್ಲಿ ಸುಮಾರು 16 ಲಕ್ಷ ಸೊಂಟದವು. 50 ದಾಟಿದ ಮಹಿಳೆಯರಲ್ಲಿ ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ಉಳಿದ ಆಯುಷ್ಯದಲ್ಲಿ ಇಂಥ ಮುರಿತ ಆಗಬಹುದು. ಇದು ಹೆಂಗಸರ ಕಾಯಿಲೆ ಎನ್ನುವವರು ಎರಡನೆಯ ಅಂಕಿಯನ್ನು ನೋಡಲಿ. ಹರಿಯಾಣದ ರೋಹ್ಟಕ್‌ನಲ್ಲಿ ನಡೆದ ಅಧ್ಯಯನದಲ್ಲಿ 50 ದಾಟಿದ ಒಂದು ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 129 ಸೊಂಟ ಮುರಿತಗಳು ಕಂಡುಬಂದವು. ಸೊಂಟ ಮುರಿದವರಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಜನ ವರ್ಷದೊಳಗೆ ತೀರಿಕೊಳ್ಳುತ್ತಾರೆ.

‘ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು’ ಎನ್ನುತ್ತೇವೆ, ಒದ್ದೆ ನೆಲವನ್ನು ದೂರುತ್ತೇವೆ. ನಿಂತಲ್ಲಿಂದ ಬಿದ್ದ ಮಾತ್ರಕ್ಕೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ‘ನಿಮಗೆ ಮೂಳೆ ಸವೆತ ಇದೆ’ ಎಂದು ಚೀಟಿ ಕೊಡುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಅಳತೆ, ಅಂದರೆ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆ ಸಾಂದ್ರತೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆ ಎಂಬುದು, ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್‌ಗೆ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಪರೀಕ್ಷೆಗೆ) ಸಲ್ಲುವಂಥದ್ದು. 50 ದಾಟಿದವರು ಸಾಧಾರಣವಾಗಿ ಬಿದ್ದು ಮಣಿಕಟ್ಟು ಮುರಿದುಕೊಂಡರೂ ಆ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು.