ಪ್ರೊಫೈಲಿಂಗ್: ಕುರುಹಿನಿಂದ ವ್ಯಕ್ತಿಯತ್ತ, ಗುಂಪಿನಿಂದ ವ್ಯಕ್ತಿಯತ್ತ

ಕೃತ್ಯದ ಸ್ಥಳದಲ್ಲಿ ಸಿಕ್ಕ ಕುರುಹುಗಳನ್ನು ಹಿಡಿದು, ಕೈಗೆ ಸಿಗದ ಆರೋಪಿಯ ಸ್ವಭಾವ, ವಯಸ್ಸು, ಕಸುಬು, ಬದುಕುವ ರೀತಿಗಳನ್ನು ಊಹಿಸುವುದನ್ನು ಅಪರಾಧ ತನಿಖೆಯಲ್ಲಿ ಪ್ರೊಫೈಲಿಂಗ್ ಎನ್ನುತ್ತಾರೆ. ಇದಕ್ಕೆ ಹೆಚ್ಚಾಗಿ ಕೊಡುವ ಉದಾಹರಣೆ ನ್ಯೂಯಾರ್ಕಿನ ಜಾರ್ಜ್ ಮೆಟೆಸ್ಕಿ ಪ್ರಕರಣ.

1940-41ರಲ್ಲಿ, ಮತ್ತೆ 1951ರಿಂದ 1956ರವರೆಗೆ, ರೈಲು ನಿಲ್ದಾಣ, ಚಿತ್ರಮಂದಿರ, ಗ್ರಂಥಾಲಯಗಳಲ್ಲಿ ಬಾಂಬ್ ಇಡುತ್ತಿದ್ದ ಈತ ಕಾನ್ ಎಡಿಸನ್ ಎಂಬ ವಿದ್ಯುತ್ ಕಂಪನಿಯನ್ನು ಶಪಿಸಿ ಪತ್ರಗಳನ್ನೂ ಬರೆಯುತ್ತಿದ್ದ. 1956ರಲ್ಲಿ ಪೊಲೀಸರು ಅವನ್ನು ಮನೋವೈದ್ಯ ಜೇಮ್ಸ್ ಬ್ರಸೆಲ್ ಅವರ ಮುಂದಿಟ್ಟರು. ನೇರವಾದ, ಅಚ್ಚುಕಟ್ಟಾದ ಅಕ್ಷರಗಳ ನಡುವೆ ಡಬ್ಲ್ಯೂ ಒಂದೇ ಎರಡು ಯೂ ಜೋಡಿಸಿದಂತೆ ದುಂಡಗಿದ್ದು ಸ್ತನಗಳನ್ನು ಹೋಲುತ್ತಿದ್ದುದನ್ನು ಗಮನಿಸಿದ ಅವರು, ಬರೆದವನಿಗೆ ತಾಯಿಯ ಮೇಲಿನ ಗೀಳು ಕಳೆದಿಲ್ಲ, ಅವನು ಅವಿವಾಹಿತ, ಹಿರಿಯ ಹೆಂಗಸರ ಆಶ್ರಯದಲ್ಲಿರುವವನು ಎಂದರು. ಸಿಕ್ಕಾಗ ಗುಂಡಿ ಹಾಕಿದ ಡಬಲ್ ಬ್ರೆಸ್ಟೆಡ್ (ಎರಡು ಸಾಲು ಗುಂಡಿಗಳ) ಕೋಟಿನಲ್ಲಿರುತ್ತಾನೆ ಎಂದೂ ಸೇರಿಸಿದರು. ಅಕ್ಷರದ ಒಂದು ಬಾಗಿಗೆ ಇಷ್ಟು ಭಾರ ಹೊರುವ ಶಕ್ತಿಯಿದೆಯೇ ಎಂಬ ಅನುಮಾನ ನನಗೆ ಈಗಲೂ ಹೋಗಿಲ್ಲ. ಆದರೆ 1957ರ ಜನವರಿಯಲ್ಲಿ ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯ ಮನೆಯಲ್ಲಿ ಸಿಕ್ಕಿಬಿದ್ದ ಮೆಟೆಸ್ಕಿ ಇಬ್ಬರು ಅಕ್ಕಂದಿರ ಜೊತೆಗಿದ್ದ. ರಾತ್ರಿಯುಡುಪು ಬದಲಿಸಿ ಬಂದಾಗ ಅಂಥದ್ದೇ ಕೋಟು ತೊಟ್ಟಿದ್ದ.

ಕೋಟಿನ ಕಥೆ ಎಲ್ಲರ ಬಾಯಲ್ಲಿ ಉಳಿದಿದ್ದರೂ ಅವನನ್ನು ಹಿಡಿದುಕೊಟ್ಟದ್ದು ಕೋಟಲ್ಲ. 1931ರಲ್ಲಿ ಕೆಲಸದ ವೇಳೆ ಗಾಯಗೊಂಡು, ಪರಿಹಾರ ಸಿಗದೆ ಕೊರಗಿದ್ದ ಕಾರ್ಮಿಕನ ಕಡತದಲ್ಲಿ, ಪತ್ರಿಕೆಯಲ್ಲಿ ಅಚ್ಚಾಗಿದ್ದ ಪತ್ರಗಳ ಮಾತುಗಳೇ ಇರುವುದನ್ನು ಕಂಪನಿಯ ಗುಮಾಸ್ತೆಯೊಬ್ಬರು ಗುರುತಿಸಿದ್ದರು. ಆದ್ದರಿಂದ ಪ್ರೊಫೈಲನ್ನು ಜರಡಿ ಎಂದು ತಿಳಿಯಬೇಕೇ ಹೊರತು ಸಾಕ್ಷ್ಯ ಎಂದಲ್ಲ: ಅದು ಯಾರನ್ನು ಮೊದಲು ವಿಚಾರಿಸಬೇಕೆಂದು ತೋರಿಸೀತು, ಮಾಡಿದವರು ಅವರೇ ಎಂದು ಸಾಬೀತುಪಡಿಸಲಾರದು.

ಇದೇ ಹೆಸರಿನಲ್ಲಿ ನಡೆಯುವ ಇನ್ನೊಂದು ಕೆಲಸದ ದಿಕ್ಕೇ ತಿರುಗುಮುರುಗು. ಅಲ್ಲಿ ಕೃತ್ಯ ಇನ್ನೂ ನಡೆದಿರುವುದಿಲ್ಲ. ಜಾತಿ, ಬಣ್ಣ, ಧರ್ಮ ನೋಡಿ ಅನುಮಾನ ಮೊದಲೇ ಸಿದ್ಧವಾಗಿರುತ್ತದೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇದನ್ನೇ ಕಾನೂನಾಗಿಸಿತು. ಇಡೀ ಸಮುದಾಯಗಳ ಹೆಸರು ಪಟ್ಟಿಗೆ ಸೇರಿ, ಏನೂ ಮಾಡದವರು ಕೂಡ ಪೊಲೀಸರಿಗೆ ಹಾಜರಿ ಕೊಡಬೇಕಾಯಿತು. ಹಲವರನ್ನು ಬೇಲಿ ಹಾಕಿದ ವಸತಿಗಳಲ್ಲಿ ಇರಿಸಲಾಯಿತು. ಕಾಯ್ದೆ 1952ರಲ್ಲಿ ರದ್ದಾಯಿತು. ಅಂಥ ವಸತಿಯಿದ್ದ ಹುಬ್ಬಳ್ಳಿಯ ಪ್ರದೇಶವನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.