ತಲೆಕೆಳಗಾದಾಗ ನಾವು ಬೀಳುತ್ತಲೇ ಇರುತ್ತೇವೆ

ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ ರೋಲರ್ ಕೋಸ್ಟರ್ ಹತ್ತಿ ಡೊಂಬಿವಲಿಗೆ ಮರಳುವಾಗ ಅಕ್ಕನ ಮಗ ಒಂದೇ ಪ್ರಶ್ನೆ ಹಿಡಿದು ಕೂತ: "ಮಾಮಾ, ತಲೆಕೆಳಗಾದಾಗ ನಾವ್ಯಾಕೆ ಬೀಳಲಿಲ್ಲ?" ನಾನು ಬಾಯಿ ತೆರೆಯುವ ಮೊದಲೇ ಸ್ಟಿಯರಿಂಗ್ ಹಿಡಿದಿದ್ದ ಭಾವ "ಬೆಲ್ಟ್ ಇತ್ತಲ್ಲೋ" ಅಂದರು. ಅಕ್ಕ, "ನಾನು ಕೆಳಗೆ ನಿಂತು ರಾಯರಿಗೆ ಹರಕೆ ಹೊತ್ತಿದ್ದೆ" ಅಂದಳು.

ಅಕ್ಕನ ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಹರಕೆಯೇ ಉತ್ತರವಾಗಿಬಿಟ್ಟರೆ ಮಗು ಮುಂದಿನ ಪ್ರಶ್ನೆ ಕೇಳುವುದಿಲ್ಲ, ನನ್ನ ಚಿಂತೆ ಅದು. ಬೆಲ್ಟ್ ಬೇಕೇ ಬೇಕು, ಗಾಡಿ ನಡುವೆ ನಿಂತರೆ ಅದೇ ಗತಿ. ಆದರೂ ಲೂಪಿನ, ಅಂದರೆ ಹಳಿ ಮೇಲಕ್ಕೆದ್ದು ಪೂರ್ತಿ ಸುತ್ತು ಹಾಕುವ ಜಾಗದ, ನೆತ್ತಿಯಲ್ಲಿ ನಮ್ಮನ್ನು ಉಳಿಸಿದ್ದು ಬೆಲ್ಟ್ ಅಲ್ಲ.

ನಿಜವೇನೆಂದರೆ ನಾವು ಬೀಳುತ್ತಲೇ ಇದ್ದೆವು. ನೆತ್ತಿಯಲ್ಲಿ ಗಾಡಿ ಅಡ್ಡಕ್ಕೆ ಓಡುತ್ತಿರುತ್ತದೆ. ಗುರುತ್ವ ಅದರ ದಾರಿಯನ್ನು ಕೆಳಕ್ಕೆ ಬಗ್ಗಿಸುತ್ತದೆ. ಹಳಿ ಅದಕ್ಕಿಂತ ಬೇಗ ಬಗ್ಗುತ್ತದೆ. ಹಾಗಾಗಿ ಹಳಿಯೇ ಗಾಡಿಯನ್ನು ಇನ್ನಷ್ಟು ಕೆಳಕ್ಕೆ ಒತ್ತುತ್ತದೆ, ಸೀಟು ನಮ್ಮನ್ನು ಒತ್ತುತ್ತದೆ. ಹಿಡಿದಿಟ್ಟಂತೆ ಅನ್ನಿಸುವುದು ಅದಕ್ಕೆ.

ಇದಕ್ಕೆ ವೇಗ ಬೇಕು. ಲೂಪಿನೊಳಗೆ ಮೋಟಾರು ಎಳೆಯುವುದಿಲ್ಲ. ಇಂಥ ಗಾಡಿಗಳನ್ನು ಮೊದಲ ಏರಿನಲ್ಲಿ ಚೈನು ಎಳೆದು ತುದಿಗೆ ಬಿಡುತ್ತದೆ, ಆಮೇಲೆ ಎತ್ತರದಿಂದ ಬಂದ ಗಳಿಕೆಯಲ್ಲೇ ಸಂಸಾರ. ಇಳಿದರೆ ಎತ್ತರದಲ್ಲಿ ಅಡಗಿದ್ದ ಪ್ರಚ್ಛನ್ನ ಶಕ್ತಿ ಓಟದ ಚಲನ ಶಕ್ತಿಯಾಗುತ್ತದೆ, ಏರಿದರೆ ಉಲ್ಟಾ. ಕಿವಿಗೆ ಬಡಿಯುವ ಆ ಗಡಗಡ ಸದ್ದು, ಚಕ್ರದ ಬಿಸಿ, ಸೀಳಿದ ಗಾಳಿ ಎಲ್ಲವೂ ಅದೇ ಗಳಿಕೆಯಿಂದ ಸೋರಿದ್ದು.

ಈಗ ನನಗೆ ಬಹಳ ಇಷ್ಟವಾದ ಲೆಕ್ಕ. ಲೂಪು ಪಕ್ಕಾ ವೃತ್ತ, ತ್ರಿಜ್ಯ 8 ಮೀಟರ್ ಅಂದುಕೊಳ್ಳಿ. ಘರ್ಷಣೆ ಬಿಟ್ಟರೆ, ನೆತ್ತಿಯಲ್ಲಿ ಹಳಿ ಬಿಡದಿರಲು ಗಾಡಿ ಲೂಪಿನ ತಳದಿಂದ ಕನಿಷ್ಠ ತ್ರಿಜ್ಯದ ಎರಡೂವರೆ ಪಟ್ಟು, ಅಂದರೆ 20 ಮೀಟರ್ ಎತ್ತರದಿಂದ ಹೊರಡಬೇಕು. ನೆತ್ತಿಯಲ್ಲಿ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್, ತಳದಲ್ಲಿ 71. ತಳದಲ್ಲಿ 60 ಕಿಲೋ ತೂಗುವವರು ತಕ್ಕಡಿ ಮೇಲೆ ಕೂತಿದ್ದರೆ ಮುಳ್ಳು 360 ತೋರಿಸುತ್ತದೆ! ಆರು ಪಟ್ಟು. ಲೂಪನ್ನು ದೊಡ್ಡದು ಮಾಡಿದರೆ? ಆಗಲೂ ಆರೇ. ವೃತ್ತ ಎಷ್ಟೇ ಹಿಗ್ಗಲಿ, ಆರು ಬಿಡುವುದಿಲ್ಲ.

1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಕಟ್ಟಿದ ಫ್ಲಿಪ್ ಫ್ಲ್ಯಾಪ್ ರೈಲ್ವೆ ಇಂಥದೇ ವೃತ್ತ, ವ್ಯಾಸ ಬರೀ 25 ಅಡಿ. ಹತ್ತಿದವರ ಕುತ್ತಿಗೆ ಉಳುಕುತ್ತಿತ್ತು. ಪರಿಹಾರ ಆಕಾರದಲ್ಲಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಕೋಸ್ಟರ್ ಕಟ್ಟುವ ಆಂಟನ್ ಶ್ವಾರ್ಟ್ಸ್‌ಕಾಫ್, ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಜೋಡಿ ಲೂಪನ್ನು ತಲೆಕೆಳಗಾದ ನೀರಿನ ಹನಿಯಂತೆ ಬಗ್ಗಿಸಿತು: ವೇಗ ಹೆಚ್ಚಿರುವ ತಳದಲ್ಲಿ ಉದಾರ ತಿರುವು, ವೇಗ ಕಳೆದ ನೆತ್ತಿಯಲ್ಲಿ ಬಿಗಿ ತಿರುವು. ಆ ಬಾಗಿಗೆ ಕ್ಲೋಥಾಯ್ಡ್ ಎಂದು ಹೆಸರು.

ಕ್ಲೋಥಾಯ್ಡ್‌ನ ಇನ್ನೊಂದು ಗುಣ, ತಿರುವು ಒಮ್ಮೆಲೇ ಶುರುವಾಗದೆ ಮೆಲ್ಲಗೆ ಏರುವುದು. ಮುಂಬೈ ಲೋಕಲ್‌ನಲ್ಲಿ ನಿಂತು ಓಡಾಡುವವರ ಮೈಗೆ ಇದು ಗೊತ್ತು. ಫಾಸ್ಟ್ ಲೈನಿನಿಂದ ಸ್ಲೋ ಲೈನಿಗೆ ಗಾಡಿ ಹೊರಳುವಾಗ ಇಡೀ ಬೋಗಿ ಪಕ್ಕಕ್ಕೆ ವಾಲಿ, ಕೈಗಳೆಲ್ಲ ಹಿಡಿಕೆ ಹುಡುಕುತ್ತವೆ. ಅಲ್ಲಿ ನೇರ ಹಳಿ ತಟ್ಟನೆ ಬಾಗುತ್ತದೆ. ಅದೇ ಮುಖ್ಯ ಲೈನಿನ ದೊಡ್ಡ ತಿರುವಿನಲ್ಲಿ ನಿದ್ದೆ ಕೂಡ ಕೆಡುವುದಿಲ್ಲ. ಹಳಿ ಹಾಕುವವರು ಅಲ್ಲಿ ನೇರಕ್ಕೂ ತಿರುವಿಗೂ ನಡುವೆ ಇಂಥದೇ ಮೆಲ್ಲನೆಯ ಬಾಗು ಇಟ್ಟಿರುತ್ತಾರೆ.

ಮರುದಿನ ಟೆರೇಸಿನಲ್ಲಿ ಚೊಂಬಿಗೆ ಹಗ್ಗ ಕಟ್ಟಿ ಹುಡುಗನ ಕೈಗೆ ಕೊಟ್ಟೆ. ತಿರುಗುವ ತ್ರಿಜ್ಯ ಸುಮಾರು 90 ಸೆಂಟಿಮೀಟರ್. ಒಂದೇ ಸಮನೆ ತಿರುಗಿಸಿದರೆ, ನೀರು ಚೆಲ್ಲದಿರಲು ಒಂದು ಸುತ್ತು ಸುಮಾರು 1.9 ಸೆಕೆಂಡ್ ಮೀರುವಂತಿಲ್ಲ. ಜೋರಾಗಿ ಬೀಸಿದ, ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಬೇಕೆಂದೇ ನಿಧಾನ ಮಾಡುತ್ತ ಹೋದ. ನೀರು ನೆತ್ತಿಯಲ್ಲಿ ಚೊಂಬು ಬಿಟ್ಟು ಅವನ ಕೂದಲಿಗಿಳಿಯಿತು. "ಟ್ಯಾಂಕರ್ ನೀರು ಕಣೋ ಅದು!" ಎಂದು ಅಕ್ಕ ಕೂಗುವಷ್ಟರಲ್ಲಿ ಅವನು ಚೊಂಬು ಮತ್ತೆ ತುಂಬಿಸಿ, ಸೆಕೆಂಡ್ ಎಣಿಸುವ ಕೆಲಸವನ್ನು ಅವಳಿಗೇ ಕೊಟ್ಟಿದ್ದ.